ಆಯಿಲ್ ಇಳಿಸಿದ ಕೈ

ಕಾರಿನ ಎಂಜಿನ್ನಿನಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ ಅಕ್ಕನಿಗೆ ಒಳಗೆ ಬೋಳು ಕಡ್ಡಿಯೊಂದೇ ಕಂಡಿತು. ಅದರ ತಲೆಯ ಮೇಲೆ ಕೂರಬೇಕಾದ ರೋಟರ್ ಇರಲಿಲ್ಲ.

ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಚೂರು ಅದು. ಅದಿಲ್ಲದೆ ಪ್ಲಗ್ಗುಗಳಿಗೆ ಕಿಡಿ ಹೋಗದು. ಕಿಡಿ ಹೋಗದೆ ಎಂಜಿನ್ ಸ್ಟಾರ್ಟ್ ಆಗದು. ನಿನ್ನೆ ಸಂಜೆ ಅದನ್ನು ಕೂರಿಸಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಈಗ ಅಂಗಳದಲ್ಲಿ ಕುರ್ಚಿ ಹಾಕಿ ಆಗಿತ್ತು. ಕಾರು ಸ್ಟಾರ್ಟ್ ಆಗುವುದನ್ನು ನೋಡಲು ಕರೆದವರು ಬರುವ ಹೊತ್ತು.

ಕಾರು ಅವಳ ತಾಯಿಯದು. ತಾಯಿ ಹೆರಿಗೆ ನರ್ಸ್ ಆಗಿದ್ದವಳು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೂ ಕೈಚೀಲ ಒಳಗೆಸೆದು ಹೊರಟುಬಿಡುತ್ತಿದ್ದಳು. ಅದರ ಹಿಂದಿನ ಸೀಟಿನಲ್ಲೇ ಹುಟ್ಟಿದವರೂ ಉಂಟು. ಅಂಥವನೊಬ್ಬ ಈಗ ಹೊಟ್ಟೆ ಬೆಳೆಸಿಕೊಂಡು ಕಂಟ್ರಾಕ್ಟರ್ ಆಗಿದ್ದಾನೆ, ಈ ಬೆಳಗ್ಗೆ ಬರುವವರಲ್ಲಿ ಅವನೂ ಒಬ್ಬ. ತಾಯಿ ಹೋದ ಮೇಲೆ ಕಾರು ಟಾರ್ಪಾಲಿನಡಿ ತುಕ್ಕು ಹಿಡಿದು ಕೂತಿತ್ತು. ಅಕ್ಕ ಹಟ ಹಿಡಿದು, ಹಳೇ ಗಾಡಿಗಳ ಮೇಸ್ತ್ರಿಯೊಬ್ಬರನ್ನು ಹುಡುಕಿ, ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಿದ್ದಳು. ನಿನ್ನೆ ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ತೊಟ್ಟು ತೊಟ್ಟು ಆಯಿಲ್ ಬಿಟ್ಟು, ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿದ್ದರು. ಹೊಸ ಆಯಿಲ್, ನೀರು, ಪೆಟ್ರೋಲ್ ಎಲ್ಲ ತುಂಬಿಸಿ ಆಗಿತ್ತು. ಉಳಿದದ್ದು ಕೀ ತಿರುಗಿಸುವುದೊಂದೇ.

ಶೆಡ್ಡಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಹತ್ತಿರ — ಅವಳು, ಅವಳ ತಮ್ಮ, ಮೇಸ್ತ್ರಿ.

ಅಕ್ಕ ಹಿಂದೆಮುಂದೆ ನೋಡಲಿಲ್ಲ. ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ ತಮ್ಮನನ್ನು ಶೆಡ್ಡಿನ ಬಾಗಿಲಲ್ಲೇ ತಡೆದಳು.

"ರೋಟರ್ ಎಲ್ಲಿಟ್ಟಿದೀಯ?"

"ಯಾವ ರೋಟರ್?"

"ನಾಟಕ ಬೇಡ. ಈ ಕಾರು ಓಡೋದು ನಿಂಗೆ ಮೊದ್ಲಿಂದ್ಲೂ ಇಷ್ಟ ಇಲ್ಲ. ಅಮ್ಮನ ಮೇಲೆ ಅಷ್ಟೊಂದು ಸಿಟ್ಟಾ ನಿಂಗೆ?"

ಇಷ್ಟವಿಲ್ಲ ಎಂಬುದು ನಿಜವೇ. ಅವನೇ ಒಮ್ಮೆ ಹೇಳಿದ್ದ: ಇದರಲ್ಲಿ ನಿಂಗೆ ಅಮ್ಮ ಕಾಣ್ತಾಳೆ, ನಂಗೆ ಅವಳು ಬಿಟ್ಟುಹೋಗೋ ಸದ್ದು ಕೇಳ್ಸುತ್ತೆ ಎಂದು. ಅಷ್ಟು ಸಾಕಾಗಿತ್ತು ಅಕ್ಕನಿಗೆ. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ತಮ್ಮ ತಟ್ಟೆ ಕೆಳಗಿಟ್ಟು ಗೇಟಿನ ಕಡೆ ನಡೆದ. ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಿದ್ದ ಮೇಸ್ತ್ರಿ ಒರೆಸುತ್ತಲೇ ಇದ್ದರು.

ಇಷ್ಟನ್ನೂ ಚಿಕ್ಕಮ್ಮ ಅಂಗಳದಿಂದ ಕೇಳಿಸಿಕೊಂಡಿದ್ದಳು. ತಾಯಿಯ ತಂಗಿ, ವಿಮಾ ಕಂಪನಿಯಲ್ಲಿದ್ದು, ಸುಟ್ಟ ಗಾಡಿ, ಗುದ್ದಿದ ಗಾಡಿಗಳನ್ನು ಪರೀಕ್ಷಿಸುತ್ತಲೇ ಕೂದಲು ಹಣ್ಣು ಮಾಡಿಕೊಂಡವಳು. ಯಾರು ಏನೇ ಹೇಳಲಿ, ತಾನು ಬಗ್ಗಿ ನೋಡುವವರೆಗೆ ನಂಬುವವಳಲ್ಲ. ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದಳು.

ನಿನ್ನೆ ಕೊನೆಗೆ ಹೊರಟವರು ಯಾರು ಎಂದು ಕೇಳಿದಳು. ನಾನೂ ತಮ್ಮನೂ ಒಟ್ಟಿಗೇ ಹೋದೆವು, ಮೇಸ್ತ್ರಿ ಮೇಜು ಚೊಕ್ಕ ಮಾಡಲು ಉಳಿದರು ಎಂದಳು ಅಕ್ಕ. ಕಂಟ್ರಾಕ್ಟರ್ ಈ ಕಾರನ್ನು ಕೊಳ್ಳಲು ದುಂಬಾಲು ಬಿದ್ದಿದ್ದ ವಿಷಯವೂ ಬಂತು. ಬೀಗ ಒಡೆಯದೆ ಅವನು ಬರುವುದು ಹೇಗೆ ಎಂದು ಚಿಕ್ಕಮ್ಮ ಅದನ್ನು ಅಲ್ಲೇ ಬಿಟ್ಟಳು. ಎಲ್ಲರ ಕಣ್ಣು ರೋಟರಿನ ಖಾಲಿ ಜಾಗದ ಮೇಲಿದ್ದರೆ ಅವಳು ಆಯಿಲ್ ಅಳೆಯುವ ಕಡ್ಡಿ ಎಳೆದಳು. ಒರೆಸಿ, ತೂರಿಸಿ, ಮತ್ತೆ ಎಳೆದಳು.

"ಆಯಿಲ್ ತುಂಬಿದ್ರಿ ತಾನೆ?"

"ಮೇಲಿನ ಗುರುತಿನ ತನಕ. ನಾನೇ ನೋಡಿದೀನಿ."

"ಈಗ ಒಂದು ತೊಟ್ಟೂ ಇಲ್ಲ."

ಅಕ್ಕನ ಮುಖ ಕಪ್ಪಿಟ್ಟಿತು. ಎಂಜಿನ್ನನ್ನೇ ಕೊಲ್ಲಲು ಹೊರಟಿದ್ದನಲ್ಲ ಎಂದು ಹಲ್ಲು ಕಚ್ಚಿದಳು. ಚಿಕ್ಕಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಟಾರ್ಚ್ ಹಿಡಿದು ಕಾರಿನಡಿ ಬಗ್ಗಿ ಬಹಳ ಹೊತ್ತು ನೋಡಿದಳು. ಮಂಡಿ ಹಿಡಿದುಕೊಂಡು ಎದ್ದವಳೇ, ತಮ್ಮನನ್ನು ಒಳಗೆ ಕರೆಸಿದಳು.

"ಆಯಿಲ್ ಇಲ್ದೆ ಎಂಜಿನ್ ಓಡಿದ್ರೆ ಏನಾಗುತ್ತೆ?" ಎಂದು ಅಕ್ಕನನ್ನೇ ಕೇಳಿದಳು.

"ಸೀಜ್ ಆಗುತ್ತೆ. ಕೆಟ್ಟುಹೋಗುತ್ತೆ."

"ಕೆಡ್ಸೋಕೇ ಆಯಿಲ್ ಇಳ್ಸಿದೋನು, ಬೇಗ ಸ್ಟಾರ್ಟ್ ಮಾಡ್ಲಿ ಅಂತ ಕಾಯ್ತಾನೆ. ಸ್ಟಾರ್ಟೇ ಆಗದ ಹಾಗೆ ರೋಟರ್ ಯಾಕೆ ತೆಗೀತಾನೆ?"

ಚಿಕ್ಕಮ್ಮ ಆಯಿಲ್ ಕಡ್ಡಿಯನ್ನು ಒರೆಸಿ ಮತ್ತೆ ಅದರ ಜಾಗಕ್ಕೆ ತೂರಿಸಿದಳು.

"ಅದು ಕಳ್ಳತನ ಅಲ್ಲ, ಕಾವಲು. ಆಯಿಲ್ ಇಲ್ದಾಗ ಅಪ್ಪಿತಪ್ಪಿ ಯಾರೂ ಕೀ ತಿರುಗಿಸ್ಬಾರ್ದು ಅಂತ. ಹಾಗಾದ್ರೆ ಆಯಿಲ್ ಇಳ್ಸಿದ್ದು ಯಾಕೆ? ಎಂಜಿನ್ ಅಡಿಯಲ್ಲಿರೋ ಆಯಿಲ್ ಚೇಂಬರ್ ಬಿಚ್ಚೋಕೆ. ಕೆಳಗಿನ ಬೋಲ್ಟುಗಳ ಮೇಲೆ ಹೊಸ ಪೇಂಟ್ ಕಿತ್ತು ಬಂದಿದೆ, ಸ್ಪ್ಯಾನರ್ ಆಡಿದೆ. ನೆಲದ ಮೇಲೆ ಮಾತ್ರ ಒಂದು ಹನಿ ಬಿದ್ದಿಲ್ಲ. ರೋಟರ್ ಅಂದ್ರೆ ಏನು ಅಂತ ಗೊತ್ತಿಲ್ದೋನ ಕೈ ಅಲ್ಲ ಇದು." ಅವಳು ನಿಧಾನವಾಗಿ ತಿರುಗಿದಳು. "ಒಳಗೆ ಏನು ಮರೆತಿದೀರಿ, ಮೇಸ್ತ್ರಿ?"

ಮೇಸ್ತ್ರಿ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ರೋಟರ್ ಇತ್ತು. ಅದರ ಪಕ್ಕ ಉಗುರಿನಷ್ಟು ಅಗಲದ ತಗಡಿನ ಬಿಲ್ಲೆ.

ಪಿಸ್ಟನ್ನಿನ ರಾಡಿಗೆ ಹಾಕುವ ಬೋಲ್ಟ್ ಸಡಿಲವಾಗದಂತೆ ಈ ಬಿಲ್ಲೆಯನ್ನು ಅದರ ಬುಡಕ್ಕೆ ಮಡಚಬೇಕು. ನೀವು ಹೋದ ಮೇಲೆ ಮೇಜಿನ ಬಟ್ಟೆ ಕೊಡವಿದೆ, ಇದು ಕೆಳಗೆ ಬಿತ್ತು ಎಂದರು ಮೇಸ್ತ್ರಿ. ಅಂದರೆ ಒಳಗೆ ಯಾವುದೋ ಒಂದು ಬೋಲ್ಟ್ ಬಿಲ್ಲೆಯಿಲ್ಲದೆ ಕೂತಿತ್ತು. ಆಯಿಲ್ ಇಳಿಸಿ ಚೇಂಬರ್ ಬಿಚ್ಚಲು ನೋಡಿದರು. ಎಂಜಿನ್ ಒಂದಿಷ್ಟು ಎತ್ತದೆ ಅದು ಹೊರಬಾರದು, ಒಬ್ಬರ ಕೈಲಿ ಎತ್ತಲಾಗದು. ಹೊಸ ರೋಟರ್ ತರಿಸುವ ನೆಪದಲ್ಲಿ ಒಂದೆರಡು ದಿನ ಸಿಕ್ಕರೆ ಯಾರಿಗೂ ತಿಳಿಯದಂತೆ ಸರಿಮಾಡುವ ಲೆಕ್ಕ ಅವರದು.

"ಇಷ್ಟಕ್ಕೆ ನನ್ನ ಹತ್ರ ಹೇಳ್ಬಹುದಿತ್ತಲ್ಲ?" ಎಂದಳು ಅಕ್ಕ.

ಮೇಸ್ತ್ರಿ ಅವಳ ಮುಖ ನೋಡಲಿಲ್ಲ. ನೋಡದಿದ್ದರೂ ಅವಳಿಗೆ ಅರ್ಥವಾಯಿತು. ಕಳೆದ ವಾರ ಬಾಗಿಲಿಗೆ ಒಂದು ಗೀರು ಬಿದ್ದಾಗ, ಕಣ್ಣು ಕಾಣ್ಸದಿದ್ರೆ ಹೇಳ್ಬಿಡಿ, ಬೇರೆಯವ್ರಿಗೆ ಕೊಡ್ತೀನಿ ಎಂದು ಪೇಂಟರನ ಮುಂದೆಯೇ ಅಂದಿದ್ದಳು. ಅಂದು ನಕ್ಕೂ ಇದ್ದಳು. ಅದಾದ ಮೇಲೂ, ಜನರನ್ನು ಕರೆದಾಗಿದೆ ಬೇಗ ಮುಗಿಸಿ ಎಂದು ದಿನವೂ ತಲೆ ತಿಂದಿದ್ದಳು.

ಮೇಸ್ತ್ರಿ ತಮ್ಮನ ಕಡೆ ತಿರುಗಿದರು. "ನಂಗೆ ನಾಚಿಕೆ ಆಗ್ತಿರೋದು ರೋಟರ್ ತೆಗೆದಿದ್ದಕ್ಕಲ್ಲಪ್ಪ. ಇವರು ನಿನ್ನ ಬಯ್ಯೋವಾಗ ಬಾಯಿ ಮುಚ್ಕೊಂಡು ನಿಂತಿದ್ನಲ್ಲ, ಅದಕ್ಕೆ. ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ."

ತಮ್ಮ ಅಂಗಿಯ ತೋಳು ಮಡಚಿದ. ಎಂಜಿನ್ ಎತ್ತೋಕೆ ಎಷ್ಟು ಜನ ಬೇಕು ಎಂದಷ್ಟೇ ಕೇಳಿದ.

ಅಕ್ಕ ಅಂಗಳಕ್ಕೆ ಹೋಗಿ, ಇವತ್ತು ಕಾರು ಸ್ಟಾರ್ಟ್ ಆಗುವುದಿಲ್ಲ, ತಪ್ಪು ನನ್ನದು, ಅವಸರ ಮಾಡಿದೆ ಎಂದು ಬಂದವರಿಗೆ ತಾನೇ ಹೇಳಿದಳು. ಕಂಟ್ರಾಕ್ಟರ್ ಸೈಟಿನಿಂದ ಚೈನ್ ಪುಲ್ಲಿ ತರಿಸಿದ. ಎಂಜಿನ್ ಎತ್ತಿದರು. ಮೇಸ್ತ್ರಿ ಹೇಳಿದಂತೆ ತಮ್ಮ ಕೆಳಗೆ ತೂರಿ ಚೇಂಬರ್ ಇಳಿಸಿ, ಒಂದೊಂದೇ ಬೋಲ್ಟ್ ತಡವಿದ.

"ಇದು ಬೆರಳಲ್ಲೇ ತಿರುಗುತ್ತೆ," ಎಂದ ಕೆಳಗಿನಿಂದ.

ಅದು ಓಡುವಾಗ ಕಳಚಿದ್ದರೆ ರಾಡ್ ಎಂಜಿನ್ನನ್ನು ಸೀಳಿಕೊಂಡು ಹೊರಬರುತ್ತಿತ್ತು ಎಂದು ಮೇಸ್ತ್ರಿ ಹೇಳಿದರು. ಅಕ್ಕ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ತಪ್ಪಾಯ್ತು ಕಣೋ."

ಕೆಳಗೆ ತಮ್ಮ ಸಡಿಲ ಬೋಲ್ಟನ್ನು ತಿರುಗಿಸಿ ಬಿಚ್ಚಿದ.

"ಅಮ್ಮನ ವಿಷಯ ಎತ್ತಬಾರ್ದಿತ್ತು ನೀನು," ಎಂದ ತಮ್ಮ. ಆಮೇಲೆ, "ಟಾರ್ಚ್ ಹಿಡಿ ಬಾ, ಕಾಣ್ಸಲ್ಲ."

ಅವಳು ಹೊಸ ಸೀರೆಯಲ್ಲೇ ನೆಲದ ಮೇಲೆ ಮಲಗಿ ಒಳಗೆ ತೂರಿದಳು. ಬೆಳಕು ನಡುಗುತ್ತಿತ್ತು.

"ಅಲ್ಲಾಡಿಸ್ಬೇಡ ಅಕ್ಕ."

ಅವಳು ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದುಕೊಂಡಳು.