ಹನ್ನೊಂದು ಟೊಳ್ಳು ಉಂಡೆಗಳು

ಟೀಚರಮ್ಮ ಏದುಸಿರು ಬಿಡುತ್ತ ಬೈಂಡರರ ಅಂಗಡಿಗೆ ನುಗ್ಗಿದಾಗ ಸೋಮವಾರ ಹನ್ನೊಂದು ಗಂಟೆ. ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದ ಬೈಂಡರು ಕುಂಚ ಹಿಡಿದುಕೊಂಡೇ ಎದ್ದು ನಿಂತರು.

"ನಕ್ಷೆಯಕ್ಕ ಮೇಲಿದ್ದಾರಾ? ನಾಲ್ಕು ಗಂಟೆಗೆ ನಮ್ಮ ಆಯಮ್ಮನ್ನ ಕೆಲಸದಿಂದ ತೆಗೀತಾರಂತೆ. ಅವಳು ಕದ್ದಿಲ್ಲ ಅಂತ ನನಗೆ ಗೊತ್ತು. ಆದ್ರೆ ಕಲ್ಲುಗಳು ಇಲ್ಲದೇ ಇರೋದೂ ನಿಜ!"

ನಕ್ಷೆಯಕ್ಕ ಅಂದರೆ ಮಹಡಿಯ ಬಾಡಿಗೆದಾರರು, ಸರ್ವೆ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಬೀದಿಯಲ್ಲಿ ಏನು ಕಳೆದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಬೈಂಡರು ಅವರ ಬೆನ್ನಿಗೇ ಹೋಗಿ, ಪ್ರತಿ ಸಲವೂ ತಪ್ಪು ಮನುಷ್ಯನನ್ನು ಅನುಮಾನಿಸಿ ಹಿಂತಿರುಗುತ್ತಿದ್ದರು.

ಈ ಸಲ ಬೈಂಡರರಿಗೆ ಅರ್ಧ ಕತೆ ಮೊದಲೇ ಗೊತ್ತಿತ್ತು. ಭೂಮಿಯ ಪಾಠವನ್ನು ಮಕ್ಕಳು ಕೈಯಾರೆ ಅಗೆದು ಕಲಿಯಲಿ ಎಂದು ಟೀಚರಮ್ಮ ಹನ್ನೆರಡು ಮಕ್ಕಳಿಗೆ ಹನ್ನೆರಡು ಕಿಟ್ ಮಾಡುತ್ತಿದ್ದರು. ಪ್ಲಾಸ್ಟರು, ಮರಳು, ಕೆಮ್ಮಣ್ಣು ಕಲಸಿ, ಕಾಗದದ ಲೋಟಕ್ಕೆ ಸುರಿದು ಮಾಡಿದ ಒಂದು ಹೆಂಟೆ. ಅದರ ಹೊಟ್ಟೆಯಲ್ಲಿ ಒಂದು ಬಣ್ಣದ ಕಲ್ಲು. ಜೊತೆಗೆ ಮೊಳೆ, ಪುಟ್ಟ ಸುತ್ತಿಗೆ, ಹಳೆಯ ಹಲ್ಲುಜ್ಜುವ ಬ್ರಷ್. ಕಿಟ್‌ಗಳಿಗೆ ಡಬ್ಬಿ ಮಾಡಲು ಒಪ್ಪಿದ್ದ ಬೈಂಡರು ಅಳತೆಗೆಂದು ಗುರುವಾರವೇ ಒಂದು ಹೆಂಟೆ ತಂದಿಟ್ಟುಕೊಂಡಿದ್ದರು. ಅಂದಿನಿಂದ ಅದು ಅವರ ಕಾಗದಗಳ ಮೇಲೆ ಭಾರವಾಗಿ ಕೂತಿತ್ತು.

"ಕಲ್ಲುಗಳು ಯಾರವು?" ನಕ್ಷೆಯಕ್ಕ ಮೆಟ್ಟಿಲಿಳಿಯುತ್ತಲೇ ಕೇಳಿದರು.

"ನಮ್ಮಪ್ಪಂದು. ಬಾವಿ ತೋಡ್ತಿದ್ರಲ್ಲ, ಬಾವಿಗೊಂದರಂತೆ ಕಲ್ಲು ತಂದಿಡ್ತಿದ್ರು. ಅವರು ಹೋಗಿ ವರ್ಷ ಆಯ್ತು. ಡಬ್ಬದಲ್ಲಿ ಧೂಳು ತಿನ್ನೋ ಬದಲು ಮಕ್ಕಳಿಗಾಗ್ಲಿ ಅಂದ್ಕೊಂಡೆ."

"ಹೆಂಟೆಗೆ ಕಲ್ಲು ಹಾಕಿದ್ದು ನೀನೇನಾ?"

"ನಾನೇ. ಮಕ್ಕಳು ತೊಳೆದಾಗಲೇ ಬಣ್ಣ ಕಾಣ್ಲಿ ಅಂತ ಕಲ್ಲಿಗೆ ಜೇಡಿಮಣ್ಣು ಮೆತ್ತಿ ಉಂಡೆ ಮಾಡ್ಸಿದೆ. ಉಂಡೆ ಕಟ್ಟಿದ್ದು ಅಮ್ಮ. ಒಣಗಿದ ಮೇಲೆ ನಾನು ಒಂದೊಂದೇ ಹಾಕಿ ಪ್ಲಾಸ್ಟರ್ ಸುರಿದೆ. ಹೆಂಟೆ ತುಂಬಾ ಗಟ್ಟಿಯಾಗ್ಬಿಟ್ತು. ಮೆತ್ತಗಾಗ್ಲಿ ಅಂತ ಶುಕ್ರವಾರ ಹನ್ನೊಂದನ್ನೂ ಶಾಲೆಯ ಟಬ್‌ನಲ್ಲಿ ನೆನೆಹಾಕಿಸಿದೆ. ಆ ಕೋಣೆ ಬೀಗದ ಕೈ ಇದ್ದಿದ್ದು ಆಯಮ್ಮನ ಹತ್ರ ಮಾತ್ರ. ಇವತ್ತು ಮಕ್ಕಳು ಅಗೆದ್ರೆ ಹನ್ನೊಂದು ಉಂಡೆಯೂ ಟೊಳ್ಳು!"

ಮುಚ್ಚಿದ ಹೆಂಟೆಯೊಳಗಿನ ಮುಚ್ಚಿದ ಉಂಡೆಯಿಂದ ಕಲ್ಲು ಹೋಗಿದ್ದು ಹೇಗೆ? ಬೈಂಡರರಿಗೆ ತಲೆಬುಡ ಅರ್ಥವಾಗಲಿಲ್ಲ.

ಮೂವರೂ ಶಾಲೆಗೆ ಹೋದಾಗ ಹೆಡ್ ಮೇಷ್ಟ್ರ ಸಿಟ್ಟು ನೆತ್ತಿಗೇರಿತ್ತು. ಮಕ್ಕಳ ಎದುರಿಗೇ ಆಯಮ್ಮನ ಚೀಲವನ್ನು ನೆಲಕ್ಕೆ ಸುರಿದು ಹುಡುಕಿಸಿದ್ದರು. ಸಿಕ್ಕಿದ್ದು ಒಂದು ಬಾಚಣಿಗೆ, ಒಂದು ಮಾತ್ರೆ ಪಟ್ಟಿ. ಹತ್ತೊಂಬತ್ತು ವರ್ಷ ದುಡಿದ ಹೆಂಗಸು ಈಗ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತಿದ್ದಳು. ಆಕೆಯ ಮುಖ ನೋಡಲಾಗದೆ ಬೈಂಡರು ಮೇಲಿನ ಫ್ಯಾನು ನೋಡಿದರು.

"ನೀರು ಬದಲಾಯಿಸಿದೆಯಾ ಆಯಮ್ಮ?" ನಕ್ಷೆಯಕ್ಕ ಕೇಳಿದರು.

"ಇಲ್ಲಕ್ಕ. ಮುಟ್ಬೇಡ ಅಂದಿದ್ರು, ಮುಟ್ಲಿಲ್ಲ."

ಒಡೆದ ಹೆಂಟೆಗಳ ಚೂರುಗಳು ಕಿಟಕಿಯ ಬಿಸಿಲಿಗೆ ಒಣಗುತ್ತಿದ್ದವು. ಕೆಂಪು ಚೂರುಗಳ ಮೈಮೇಲೆ ಬಿಳಿ ಹುಡಿ ಎದ್ದಿತ್ತು. ನಕ್ಷೆಯಕ್ಕ ಒಂದು ಉಂಡೆಯ ಟೊಳ್ಳನ್ನು ಬೆಳಕಿಗೆ ಹಿಡಿದರು.

"ಬೈಂಡ್ರೇ, ಒಳಗೇನು ಕಾಣತ್ತೆ?"

"ಮೂಲೆ ಮೂಲೆಯಾಗಿದೆ. ಪೆಟ್ಟಿಗೆ ಥರ. ಉಳಿ ಹಾಕಿ ಕೆತ್ತಿದಾರೆ!"

"ತೂತೇ ಇಲ್ಲದೆ ಉಳಿ ಹಾಕಿದಾರಾ? ಭಲೆ." ಅವರು ಬಿಳಿ ಹುಡಿಯ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಒಂದು ಲೋಟ ಕುಡಿಯುವ ನೀರು ಕೇಳಿದರು. ಪಾಪ, ಬಾಯಾರಿಕೆಯಾಗಿರಬೇಕು ಎಂದುಕೊಂಡ ಬೈಂಡರು ತಾವೇ ಓಡಿಹೋಗಿ ತಂದುಕೊಟ್ಟರು.

"ಮೂರೂವರೆಗೆ ಎಲ್ಲರೂ ಇಲ್ಲಿ ಸೇರೋಣ. ಟೀಚರಮ್ಮ, ನಿನ್ನ ತಾಯೀನೂ ಬರ್ಲಿ. ಬೈಂಡ್ರೇ, ನಿಮ್ಮ ಮೇಜಿನ ಮೇಲಿರೋ ಹೆಂಟೆ ತನ್ನಿ."

ಬೈಂಡರು ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ದಾರಿಯುದ್ದಕ್ಕೂ ಮೊದಲು ಹೆಡ್ ಮೇಷ್ಟ್ರನ್ನು ಅನುಮಾನಿಸಿದರು, ಆಮೇಲೆ ಟೀಚರಮ್ಮನನ್ನು. ಹೆಂಟೆ ತಮ್ಮ ಹತ್ತಿರವೂ ಇತ್ತಲ್ಲ ಎಂದು ಹೊಳೆದು, ಶಾಲೆಯ ಗೇಟಿನ ಹತ್ತಿರ ಒಂದು ಕ್ಷಣ ತಮ್ಮನ್ನೇ ಅನುಮಾನಿಸಿಕೊಂಡರು.

ಕೋಣೆಯಲ್ಲಿ ಹೆಡ್ ಮೇಷ್ಟ್ರು, ಟೀಚರಮ್ಮ, ಆಕೆಯ ತಾಯಿ, ಬಾಗಿಲ ಬಳಿ ಆಯಮ್ಮ. ನಕ್ಷೆಯಕ್ಕ ಹೆಂಟೆಯನ್ನು ಮೇಜಿನ ಮೇಲಿಟ್ಟರು.

"ಹೆಂಟೆಗಳಲ್ಲಿ ತೂತಿಲ್ಲ, ಬಿರುಕಿಲ್ಲ. ಅಂದ್ಮೇಲೆ ಯಾರ ಕೈಯೂ ಒಳಗೆ ಹೋಗಿಲ್ಲ. ಒಳಗೆ ಹೋಗಿ ಹೊರಗೆ ಬಂದಿದ್ದು ನೀರು ಒಂದೇ. ಮೂರು ಹಗಲು, ಮೂರು ರಾತ್ರಿ."

"ನೀರು ಕಲ್ಲನ್ನ ತಿನ್ನತ್ತೇನ್ರೀ?" ಹೆಡ್ ಮೇಷ್ಟ್ರು ಗದರಿದರು.

"ಈ ಥರದ ಕಲ್ಲನ್ನ ತಿನ್ನತ್ತೆ." ಅವರು ಸುತ್ತಿಗೆಯ ನಾಲ್ಕೈದು ಏಟಿಗೆ ಹೆಂಟೆ ಒಡೆದು, ಉಂಡೆಯ ಮಣ್ಣು ಬಿಡಿಸಿದರು. ಗೋಲಿ ಗಾತ್ರದ, ಮೂಲೆಗಳಿದ್ದ ಬಿಳಿ ಹರಳು ಹೊರಬಿತ್ತು. "ಇದೊಂದೇ ನೀರು ಮುಟ್ಟದ್ದು. ನೆಕ್ಕಿ ನೋಡಿ ಸಾರ್."

ಹೆಡ್ ಮೇಷ್ಟ್ರು ಅತ್ತಿತ್ತ ನೋಡಿ, ನಾಲಿಗೆಯ ತುದಿ ತಾಗಿಸಿದರು. ಮುಖ ಹುಳ್ಳಗಾಯಿತು. "ಉಪ್ಪು!"

"ಕಲ್ಲುಪ್ಪು. ಒಡೆದ್ರೂ ಪೆಟ್ಟಿಗೆ ಆಕಾರಕ್ಕೇ ಒಡೆಯತ್ತೆ, ಅದಕ್ಕೇ ಟೊಳ್ಳಿನಲ್ಲಿ ಆ ಮೂಲೆಗಳು. ಕರಗಿ ಹೋಗಿದ್ದು ಒಣಗಿದಾಗ ಬಿಳಿ ಹುಡಿಯಾಗಿ ಎದ್ದಿದೆ. ನಾನು ರುಚಿ ನೋಡಿದೆ. ಕಲ್ಲುಗಳು ಈ ಶಾಲೆಯ ಬಾಗಿಲು ದಾಟಿ ಒಳಗೇ ಬಂದಿಲ್ಲ. ಆಯಮ್ಮ ಕದಿಯೋಕೆ ಇಲ್ಲಿ ಏನೂ ಇರ್ಲೇ ಇಲ್ಲ."

ಬೈಂಡರು ಇನ್ನೂ ಕಣ್ಣು ಕಣ್ಣು ಬಿಡುತ್ತಿದ್ದರು. "ಹಾಗಾದ್ರೆ ಉಪ್ಪು ಇಟ್ಟಿದ್ದು?"

"ಟೀಚರಮ್ಮನ ಕೈಗೆ ಬಂದಿದ್ದು ಒಣಗಿದ ಉಂಡೆ. ಮಣ್ಣಿನೊಳಗೆ ಏನಿದೆ ಅಂತ ಅವಳು ನೋಡ್ಲಿಲ್ಲ. ನೋಡಿದ್ದು ಮಣ್ಣು ಮೆತ್ತಿದವರು ಒಬ್ರೇ. ಕಲ್ಲಿನ ಬದಲು ಉಪ್ಪಿಟ್ರೂ ಮಕ್ಕಳಿಗೆ ಹೊಳೆಯೋದು ಏನೋ ಒಂದು ಸಿಗತ್ತೆ ಅಂದ್ಕೊಂಡ್ರು. ನೆನೆಹಾಕ್ತಾರೆ ಅಂತ ಅವರಿಗೆ ಗೊತ್ತಿರ್ಲಿಲ್ಲ."

"ಅಮ್ಮಾ?" ಟೀಚರಮ್ಮ ತಾಯಿಯ ಕಡೆ ತಿರುಗಿದರು.

ತಾಯಿ ಮಡಿಲಲ್ಲಿದ್ದ ಕೈಚೀಲದಿಂದ ಒಂದು ಗಂಟು ತೆಗೆದು ಬಿಚ್ಚಿದರು. ಕೆಂಪು, ನೇರಳೆ, ಹಸಿರು. ಹನ್ನೆರಡೂ ಇದ್ದವು.

"ಕೊಡೋಕೆ ಮನಸ್ಸು ಬರ್ಲಿಲ್ಲ ಕಣೇ. ನಿನಗೆ ಬೇಡ ಅನ್ನೋಕೆ ಬಾಯೂ ಬರ್ಲಿಲ್ಲ. ಇದ್ರಿಂದ ಇನ್ನೊಬ್ರ ಮೇಲೆ ಕಳ್ಳತನ ಬರತ್ತೆ ಅಂತ ಖಂಡಿತ ಗೊತ್ತಿರ್ಲಿಲ್ಲ."

ಬೈಂಡರರಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಹೆಡ್ ಮೇಷ್ಟ್ರು ಬೀಗದ ಕೈಯನ್ನು ಆಯಮ್ಮನ ಕಡೆ ಚಾಚಿದರು. "ಆಯ್ತಮ್ಮ, ಗೊತ್ತಾಯ್ತಲ್ಲ. ತಗೋ, ಕೆಲಸ ನೋಡ್ಕೋ ಹೋಗು."

ಆಯಮ್ಮ ಕೈ ಚಾಚಲಿಲ್ಲ. "ಇಲ್ಲಿ ನಾಲ್ಕು ಜನಕ್ಕೆ ಗೊತ್ತಾದ್ರೆ ಏನ್ ಬಂತು ಸಾರ್? ನನ್ನನ್ನ ಕಳ್ಳಿ ಅಂದಿದ್ದು ಮಕ್ಕಳ ಮುಂದೆ."

ಅಷ್ಟರಲ್ಲಿ ಟೀಚರಮ್ಮನ ತಾಯಿ ಗಂಟು ಹಿಡಿದು ಎದ್ದು, ಯಾರನ್ನೂ ಕೇಳದೆ ಪಕ್ಕದ ತರಗತಿಗೆ ನಡೆದಿದ್ದರು. ಎಲ್ಲರೂ ಹಿಂದೆ ಓಡಿದರು.

"ಮಕ್ಕಳೇ, ಕಲ್ಲು ತೆಗೆದವಳು ನಾನು. ಇವರಲ್ಲ." ಅವರು ಆಯಮ್ಮನ ಕೈ ಹಿಡಿದು ಮುಂದೆ ನಿಲ್ಲಿಸಿದರು. "ಇವರಿಗೆ ನಿಮ್ಮ ಮುಂದೆ ಅವಮಾನ ಆಯ್ತು. ತಪ್ಪು ನಂದು."

"ನಂದೂ ಇದೆ," ಎಂದರು ಹೆಡ್ ಮೇಷ್ಟ್ರು ಬಾಗಿಲಿನಿಂದ, ತೀರಾ ಮೆಲ್ಲಗೆ. ಆಯಮ್ಮ ತಿರುಗಿ ನೋಡಿದಳು. ಅವರು ಇನ್ನೊಮ್ಮೆ ಹೇಳಿದರು, ಈ ಸಲ ಕೊನೆಯ ಬೆಂಚಿನವರೆಗೂ ಕೇಳಿಸಿತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಅಜ್ಜಿ, ನಿಮ್ಮದೇ ಕಲ್ಲನ್ನ ಯಾಕೆ ಕದ್ರಿ?"

"ನನಗೆ ಇನ್ನೂ ನೋಡಿ ಮುಗಿದಿರ್ಲಿಲ್ಲ ಮಗು," ಎಂದರು ತಾಯಿ.

ಆಯಮ್ಮ ಒಂದು ಕುರ್ಚಿ ಎಳೆದು ತಂದು ಅವರ ಹಿಂದೆ ಇಟ್ಟಳು. "ಕೂತ್ಕೊಳ್ಳಿ ಅಮ್ಮ. ಯಾವ ಕಲ್ಲು ಯಾವ ಬಾವೀದು ಅಂತ ಹೇಳಿ. ನಾವೆಲ್ಲ ನೋಡ್ತೀವಿ, ನೀವೂ ನೋಡಿ."