ದೊರೆಗೆ ಬೇಡವಾದವಳು

"ರೀ, ಇದು ನಿಮ್ಮ ಬೆಕ್ಕಿನ ಕೆಲಸ ತಾನೇ?"

ತೆರೆದಿದ್ದ ಬಾಗಿಲಲ್ಲಿ ಕೆಳಗಿನ ಅಂಗಡಿಯ ಟೈಲರ್ ನಿಂತಿದ್ದ. ಇಸ್ತ್ರಿ ಮಾಡಿ ಮುಗಿಸಿದ್ದ ಗಿರಾಕಿಯ ಕೋಟನ್ನು ಎರಡೇ ಬೆರಳಲ್ಲಿ, ಮೈಗೆ ತಾಗದಂತೆ ಹಿಡಿದಿದ್ದ. ವಾಸನೆಯಂತೂ ಅವನಿಗಿಂತ ಮೊದಲೇ ಒಳಗೆ ಬಂದಿತ್ತು!

ಮನೆಯೊಳಗಿದ್ದ ಗಣಿತದ ಟೀಚರ್ ಅವಸ್ಥೆ ಇನ್ನೂ ಕೆಟ್ಟದಾಗಿತ್ತು. ಕಂಕುಳಲ್ಲಿ ಕೊಸರಾಡುವ ಬೆಕ್ಕು, ಕೈಯಲ್ಲಿ ಸೂಜಿ. ಕಿಟಕಿಯ ಸರಳಿಗೆ ನೇತುಹಾಕಿದ್ದ ಸಲೈನ್, ಬೆಕ್ಕಿನ ಮೈಗೆ ಸೇರುವ ಬದಲು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಬೈಯೋದಿದ್ರೆ ಆಮೇಲೆ ಬೈಯಿರಿ! ಮೊದಲು ಇದನ್ನ ಹಿಡ್ಕೊಳ್ಳಿ!"

ಅವನು ಕಕ್ಕಾಬಿಕ್ಕಿಯಾದ. ಆದರೂ ಹಿಡಿದ.

ಬೆಕ್ಕಿನ ಹೆಸರು ದೊರೆ. ವಯಸ್ಸು ಹದಿನೇಳು. ಮೂತ್ರಪಿಂಡ ಸೋತಿತ್ತು. ದಿನಾ ಬೆಳಿಗ್ಗೆ ಚರ್ಮದ ಕೆಳಗೆ ಸಲೈನ್ ಕೊಟ್ಟರೆ ಇನ್ನೊಂದಿಷ್ಟು ದಿನ ಇರುತ್ತೆ ಎಂದಿದ್ದರು ಡಾಕ್ಟರು. ಒಬ್ಬರು ಹಿಡಿಯಬೇಕು, ಒಬ್ಬರು ಚುಚ್ಚಬೇಕು. ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ.

"ನಾಳೆ ಯಾರು ಹಿಡೀತಾರೆ?" ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಕೇಳಿದ.

"ಯಾರಿದ್ದಾರೆ?"

"ಸರಿ, ಅಂಗಡಿ ತೆಗೆಯೋ ಮುಂಚೆ ಬರ್ತೀನಿ. ನನ್ನ ಕೋಟುಗಳ ಕ್ಷೇಮಕ್ಕೋಸ್ಕರ!"

ಅವನ ಹಣೆಯಲ್ಲಿ ಬೆವರು ಕಂಡು ಅವಳಿಗೆ ಅನುಮಾನ ಬಂತು.

"ದಿನವಿಡೀ ಸೂಜಿ ಹಿಡಿಯೋರು ನೀವು! ಇದಕ್ಕೆ ಭಯಾನಾ?"

"ಬಟ್ಟೆಗೆ ನೋವಾಗಲ್ವಲ್ಲ, ಟೀಚರ್..."

ಅವಳು ನಕ್ಕಳು. ನಕ್ಕು ಎಷ್ಟು ಕಾಲವಾಗಿತ್ತೋ!

ಅಂದಿನಿಂದ ಅವನು ದಿನಾ ಬಂದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಅವಳ ಕೈ ತಾನಾಗಿ ಕೂದಲು ಸರಿಮಾಡುತ್ತಿತ್ತು. 'ನಾಚಿಕೆಯಾಗಬೇಕು ನನಗೆ' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಆದರೆ ದೊರೆ? ಮೀನು ಬೇಯಿಸಿಟ್ಟರೆ ಮೂಸಿ ತಿರುಗಿ ಹೋಗುತ್ತಿತ್ತು. ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟಿದ್ದ ತಟ್ಟೆ ಬಿಟ್ಟು ಅವಳ ಹಾಸಿಗೆಯಲ್ಲೇ ಎಲ್ಲ ಮುಗಿಸುತ್ತಿತ್ತು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು... ದೊರೆಗೆ ಈಗ ಅವಳನ್ನು ಕಂಡರೆ ಹೆದರಿಕೆ!

"ದೊರೆ, ಬಾ ಕಂದಾ..." ಎಂದು ಕೈ ಚಾಚಿದರೆ ಹಿಂಗಾಲು ಎಳೆದುಕೊಂಡು ಬೀರುವಿನ ಕೆಳಗೆ ತೂರುತ್ತಿತ್ತು. ಅದೇ ಟೈಲರ್ ಬಂದರೆ ತಾನಾಗಿ ಹೊರಬಂದು, ಅವನ ತೊಡೆಯೇರಿ, ಗುರ್ ಗುರ್ ಎನ್ನುತ್ತಿತ್ತು. ಹೌದು ಮತ್ತೆ, ಚುಚ್ಚುವವಳು ಇವಳು, ಅಪ್ಪಿ ಹಿಡಿಯುವವನು ಅವನು!

ಒಂದು ಬೆಳಿಗ್ಗೆ ಅವಳ ತಾಳ್ಮೆ ಕೆಟ್ಟಿತು.

"ಊಟ ಹಾಕೋಳು ನಾನು, ಹಾಸಿಗೆ ಒಗೆಯೋಳು ನಾನು, ಶಾಲೆಗೆ ತಡವಾಗಿ ಹೋಗಿ ಬೈಸಿಕೊಳ್ಳೋಳು ನಾನು! ಮುದ್ದು ಮಾತ್ರ ನಿಮಗೆ!"

"ಟೀಚರ್, ನಾನೇನು ಮಾಡ್ದೆ..."

"ಏನೂ ಮಾಡ್ಬೇಡಿ! ನಾಳೆಯಿಂದ ಬರಲೂಬೇಡಿ!"

ಅವನು ಬೆಕ್ಕನ್ನು ಮೆಲ್ಲನೆ ಕೆಳಗಿಳಿಸಿ ಹೊರಟೇಹೋದ.

'ಬಿಡುಗಡೆ ಸಿಕ್ಕರೆ ಸಾಕು ಅಂತ ಕಾಯ್ತಿದ್ದ ಅನ್ಸುತ್ತೆ...' ಅವಳು ಬೀರುವಿನ ಮುಂದೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದಳು. ಕತ್ತಲಲ್ಲಿ ಎರಡು ಕಣ್ಣು ಇನ್ನಷ್ಟು ಹಿಂದೆ ಸರಿದವು.

"ಹೋಗೋ ಕಾಲದಲ್ಲಿ ನನ್ನನ್ನೇ ಶತ್ರು ಅಂದ್ಕೊಂಡ್ಯಲ್ಲೋ..." ಅತ್ತೂ ಅತ್ತೂ ಅವಳ ಮುಖ ಊದಿಕೊಂಡಿತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಟೈಲರ್! ಮುಖ ಬಿಳುಚಿಕೊಂಡಿತ್ತು.

"ಬರಬೇಡಿ ಅಂದಿದ್ನಲ್ಲ!"

"ಹಿಡಿಯೋಕೆ ಬಂದಿಲ್ಲ. ಚುಚ್ಚೋಕೆ ಬಂದಿದ್ದೀನಿ."

"ಏನು?"

"ನಿನ್ನೆ ಡಾಕ್ಟರ ಹತ್ರ ಹೋಗಿ ಕಲಿತ್ಕೊಂಡೆ. ಅಲ್ಲೇ ತಲೆ ಸುತ್ತಿ ಬಿದ್ದೆ, ಅದು ಬೇರೆ ವಿಷಯ. ನೀವು ಕೂತ್ಕೊಂಡು ಇದನ್ನ ಮಡಿಲಲ್ಲಿ ಹಿಡ್ಕೊಳ್ಳಿ. ಕೋಪ ನನ್ನ ಮೇಲೆ ಬರಲಿ. ಇನ್ನೆಷ್ಟು ದಿನವೋ... ಅಷ್ಟೂ ದಿನ ಇದು ನಿಮ್ಮದಾಗಿರಲಿ."

ಅವಳು ಬೀರುವಿನ ಕೆಳಗಿಂದ ದೊರೆಯನ್ನು ಎತ್ತಿ ತಂದು, ಮಡಿಲಲ್ಲಿಟ್ಟುಕೊಂಡು ಕೂತಳು.

ಅವನು ಕಣ್ಣು ಬಿಟ್ಟುಕೊಂಡೇ ಚುಚ್ಚಿದ. ದೊರೆ ಅವನತ್ತ ತಿರುಗಿ ಬುಸ್ ಎಂದಿತು. ಆಮೇಲೆ... ಆಮೇಲೆ ಅವಳ ಮೊಣಕೈಯೊಳಗೆ ಮುಖ ಹುದುಗಿಸಿತು. ಅವಳು ಆ ಒಣಗಿದ ತಲೆಗೆ ಗಲ್ಲವೂರಿ ಬಿಕ್ಕಿದಳು.

"ಇನ್ನು ಇವನು ನಿಮ್ಮನ್ನ ಹತ್ರ ಸೇರಿಸಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಪರವಾಗಿಲ್ಲ... ನೀವು ಸೇರಿಸ್ತೀರಾ?"

"ಅಯ್ಯೋ, ಕೈ ನಡುಗಿಸ್ಬೇಡ್ರೀ! ಇಂಥ ಮಾತು ಸೂಜಿ ಚುಚ್ಚಿರುವಾಗ ಕೇಳ್ತಾರಾ? ಮೊದಲು ಸಲೈನ್ ಮುಗಿಸಿ ಅದನ್ನ ತೆಗೀರಿ!"

ಸಲೈನ್ ಮುಗಿಯುವವರೆಗೆ ಅವನು ಉಸಿರು ಬಿಗಿಹಿಡಿದು ಕೂತ.

"ತೆಗೆದೆ, ಟೀಚರ್."

"ಹೂಂ."

"ಹೂಂ ಅಂದ್ರೆ... ತೆಗೆದಿದ್ದಕ್ಕಾ, ಕೇಳಿದ್ದಕ್ಕಾ?"

"ಎರಡಕ್ಕೂ ಕಣ್ರೀ!"