ತೀರ್ಥಮ್ಮ ಕಟ್ಟಿದ ಕಾಯಿ

"ಅಟ್ಟದ ಮ್ಯಾಲಿನ ಕಾಯಿ ಬಿಚ್ಚದೆ ಕಡೂರಿಗೆ ಹೋಗ್ಬ್ಯಾಡ್ರವ್ವ" ಎಂದು ದ್ಯಾವಮ್ಮ ಗೇಟಿಗೆ ಅಡ್ಡ ನಿಂತಾಗ ತನುಜಾಗೆ ನಗು ತಡೆಯಲಾಗಲಿಲ್ಲ.

ಹತ್ತೂವರೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವರ ಸರದಿ ಇತ್ತು. ಹೋದ ವಾರವಷ್ಟೇ ಕೋರ್ಟು ಅವಳಿಗೂ ಓಂಕಾರೇಶನಿಗೂ ವಿಚ್ಛೇದನ ಕೊಟ್ಟಿತ್ತು. ಜಗಳವಿಲ್ಲ, ಕೂಗಾಟವಿಲ್ಲ, ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಒಂದೇ ಬೈಕಿನಲ್ಲಿ ಬಂದಿದ್ದರು. ಸಖರಾಯಪಟ್ಟಣದ ಈ ಮನೆ ಮಾತ್ರ ಇನ್ನೂ ಇಬ್ಬರ ಹೆಸರಲ್ಲಿತ್ತು. ಇವತ್ತು ಅವನು ತನ್ನ ಅರ್ಧ ಹಕ್ಕನ್ನು ಅವಳಿಗೆ ಬರೆದುಕೊಟ್ಟು, ತರೀಕೆರೆಯ ಕೊಬ್ಬರಿ ಅಂಗಡಿ ಸೇರುವವನು. ಅವಳು ಮನೆ ಮಾರಿ ದಾವಣಗೆರೆಯ ಕಾಲೇಜಿಗೆ ಹೋಗುವವಳು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಸೂಟ್‌ಕೇಸು ಆಗಲೇ ಬಾಗಿಲ ಬಳಿ ನಿಂತಿತ್ತು. ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ ತನ್ನದೇ ಒಂದು ಬದುಕು ಅವಳ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಅದಕ್ಕೆ ಈಗ ತೆಂಗಿನಕಾಯಿ ಅಡ್ಡ!

"ಯಾವ ಕಾಯಿ ದ್ಯಾವಮ್ಮ?"

ತನುಜಾಳ ಅತ್ತೆ ತೀರ್ಥಮ್ಮ ಸಾಯುವ ತನಕ ಅವರ ಮನೆಯಲ್ಲಿ ಕಾಯಿ ಸುಲಿದವಳು ದ್ಯಾವಮ್ಮ. ಮುದುಕಿ ಅಟ್ಟದ ಕಡೆ ನೋಡಿ ದನಿ ತಗ್ಗಿಸಿದಳು. "ಗೃಹಪ್ರವೇಶದ ದಿನ ತೀರ್ಥಮ್ಮಾರು ಅಜ್ಜಂಪುರದ ಕಡೆ ಮಂತ್ರವಾದಿ ಒಬ್ಬನ್ನ ಕರೆಸಿ ಕಟ್ಟಿಸಿದ್ರು. ಕೆಂಪು ಬಟ್ಟೇಲಿ ಐತೆ. ಈ ಮನೆಯಿಂದ ನಿಮ್ಮಿಬ್ರಲ್ಲಿ ಯಾರ ಹೆಸರು ತೆಗುದ್ರೂ ಅವರ ಉಸಿರು ಆ ಕಾಯೊಳೀಕೆ ಬತ್ತದೆ. ಮೊದ್ಲು ಇಬ್ರೂ ಕೈ ಹಾಕಿ ಬಿಚ್ಚಬೇಕು ಕಣವ್ವ. ನಾಕು ಕೈ."

ಹತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ತನುಜಾ. "ಒಂಬತ್ತು ವರ್ಷದ ಕಾಯೊಳಗೆ ಏನಿರುತ್ತೆ ದ್ಯಾವಮ್ಮ? ಒಣಗಿ ಕೊಬ್ಬರಿ ಆಗಿರುತ್ತೆ. ಬೇಕಾದ್ರೆ ತಗೊಂಡು ಹೋಗಿ ಸಾರಿಗೆ ತುರ್ಕೋ" ಎಂದು ಬೈಕು ಹತ್ತಿದಳು. ಓಂಕಾರೇಶನೂ ನಕ್ಕ. ಆದರೆ ಹೊರಡುವ ಮುನ್ನ ಒಮ್ಮೆ ತಲೆಯೆತ್ತಿ ಅಟ್ಟದ ಕಿಟಕಿ ನೋಡಿದ.

ಆಫೀಸಿನಲ್ಲಿ ಎಲ್ಲ ಸಲೀಸಾಗಿ ನಡೆಯಿತು, ಓಂಕಾರೇಶನ ಹೆಬ್ಬೆಟ್ಟೊಂದನ್ನು ಬಿಟ್ಟು. ಮೆಷಿನ್ನು ಅದನ್ನು ಗುರುತು ಹಿಡಿಯಲೇ ಇಲ್ಲ. ಒಂದು ಸಲ, ಎರಡು ಸಲ, ಮೂರು ಸಲ. "ಕಾಯಿ ಸುಲ್ದೂ ಸುಲ್ದೂ ಗೆರೆ ಸವೆದಾವೆ ಬಿಡಿ" ಎನ್ನುತ್ತ ಪತ್ರ ಬರೆದುಕೊಟ್ಟ ರೇಣುಕಪ್ರಸಾದ್ ತನ್ನ ಕರ್ಚೀಫಿನಿಂದ ಆ ಬೆರಳನ್ನು ಒರೆಸಿದ. ನಾಲ್ಕನೆಯ ಸಲ ಹಸಿರು ದೀಪ ಹತ್ತಿತು.

ಆ ಗಳಿಗೆಯಲ್ಲೇ ತನುಜಾಳ ಮೂಗಿಗೆ ನಾತ ಬಡಿಯಿತು. ದೇವರ ಮುಂದೆ ಒಡೆದ ಕಾಯಿ ಕೊಳೆತಿದ್ದರೆ ಬರುವಂಥ ನಾತ. ಸುತ್ತ ನೋಡಿದಳು, ಬೇರೆ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ.

"ಇನ್ಮೇಲೆ ನೀನು ನಂಗೆ 'ರೀ' ಅನ್ಬೇಕಾಗಿಲ್ಲ ಕಣೇ" ಎಂದು ಓಂಕಾರೇಶ ಚೇಷ್ಟೆ ಮಾಡಲು ಹೋಗಿ ಕೆಮ್ಮಿದ. ಮತ್ತೆ ಕೆಮ್ಮಿದ. ಬಾಯಿ ಒರೆಸಿಕೊಂಡ ಕರ್ಚೀಫು ತೊಯ್ದು ತೊಪ್ಪೆಯಾಗಿತ್ತು. "ಧೂಳು ಅಷ್ಟೇ. ನೀನು ಬಸ್ ಹತ್ತು, ಪತ್ರ ಈಸ್ಕೊಂಡು ನಾಳೆ ಬತ್ತೀನಿ" ಎಂದ.

ಅವಳು ಮನೆಗೆ ಬಂದಾಗ ನಡುಮಧ್ಯಾಹ್ನ. ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಾಗಿಲು ತೆಗೆದರೆ ಒಳಗೆ ಬಾವಿಯ ತಂಪು, ಬಾವಿಯ ಕತ್ತಲೆ. ಅದೇ ನಾತ. ಮೇಲೆ ಅಟ್ಟದಲ್ಲಿ ಏನೋ ಸದ್ದು.

ಲೊಟ್. ಲೊಟ್.

ಒಣಗಿದ ಕಾಯನ್ನು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವ ಸದ್ದು ಈ ಸೀಮೆಯವರಿಗೆಲ್ಲ ಗೊತ್ತು. ಆದರೆ ಮೇಲೆ ಅಲ್ಲಾಡಿಸುವವರು ಯಾರೂ ಇರಲಿಲ್ಲ. ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ರೇಣುಕಪ್ರಸಾದ್.

"ಮೇಡಂ, ಓಂಕಾರೇಶ್ ಸಾಹುಕಾರ್ರು ಬಸ್‌ಸ್ಟ್ಯಾಂಡ್ ಹತ್ರ ಬಿದ್ಬಿಟ್ರು. ಆಸ್ಪತ್ರೇಲಿದೀವಿ. ಬಾಯಲ್ಲಿ ಬರೀ ನೀರು ಬತ್ತಾ ಐತೆ ಮೇಡಂ. ಎಳನೀರಿನ ವಾಸ್ನೆ. ಉಸಿರು ಸಿಗ್ತಿಲ್ಲ. ಡಾಕ್ಟ್ರಿಗೇ ಏನೂ ತಿಳೀತಿಲ್ಲ."

ತನುಜಾ ಅಡುಗೆಮನೆಯ ಚಾಕು ಹಿಡಿದು ಏಣಿ ಹತ್ತಿದಳು. ಯಾಕೆ ಹತ್ತಿದಳೆಂದು ವಿಜ್ಞಾನದ ಮೇಡಮ್ಮಿಗೇ ತಿಳಿಯಲಿಲ್ಲ. ಅಟ್ಟದಲ್ಲಿ ಹಳೆಯ ತೆಂಗಿನ ಮಟ್ಟೆಯ ಧೂಳು, ಇಲಿ ಪಿಕ್ಕೆ, ಹೊಗೆ ಹಿಡಿದ ಜಂತೆ. ನಡುಜಂತೆಗೆ ಕೆಂಪು ಬಟ್ಟೆಯ ಗಂಟು ಕಟ್ಟಿತ್ತು. ಬಟ್ಟೆ ಒದ್ದೆ. ಅದು ಉಬ್ಬುತ್ತಿತ್ತು. ತಗ್ಗುತ್ತಿತ್ತು. ಗಂಟು ಕೊಯ್ದು ತೆಗೆದ ಒಂಬತ್ತು ವರ್ಷದ ಕಾಯಿ ಕೈಗೆ ಬಂದಾಗ ತುಂಬಿದ ಕೊಡದಷ್ಟು ಭಾರವಿತ್ತು. ಜುಟ್ಟು ಇನ್ನೂ ಹಾಗೇ ಇತ್ತು. ಕಿವಿಗೆ ಹಿಡಿದಳು. ಒಳಗೆ ನೀರು. ನೀರಿನೊಳಗೆ ಏದುಸಿರು. ಅದು ಓಂಕಾರೇಶನದೇ. ಪಕ್ಕದಲ್ಲಿ ಮಲಗಿ ಒಂಬತ್ತು ವರ್ಷ ಕೇಳಿದ ಉಸಿರು ಅವಳಿಗೆ ತಪ್ಪಲು ಸಾಧ್ಯವೇ ಇರಲಿಲ್ಲ.

"ಒಡೀಬ್ಯಾಡ್ರವ್ವ!" ಕೆಳಗೆ ಬಾಗಿಲಲ್ಲಿ ದ್ಯಾವಮ್ಮ ನಿಂತಿದ್ದಳು. ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ. "ನೀರು ನೆಲಕ್ಕೆ ಬಿದ್ರೆ ಉಸಿರೂ ನೆಲದ ಪಾಲು."

"ಮತ್ತೇನು ಮಾಡ್ಲಿ?"

"ಬಿಚ್ಚೋ ಹೊತ್ತು ಮೀರೋತು. ಈಗ ಯಾರಾನ ಕುಡೀಬೇಕು. ಒಂದು ತೊಟ್ಟೂ ಬಿಡಂಗಿಲ್ಲ. ಕುಡುದೋರು..." ದ್ಯಾವಮ್ಮ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಕುಡುದೋರು ಆಮ್ಯಾಕೆ ಈ ಹೊಸ್ತಿಲು ದಾಟಂಗಿಲ್ಲ ಕಣವ್ವ. ಸಾಯೋಗಂಟ."

ಅಟ್ಟದ ಕಿಂಡಿಯಿಂದ ಕೆಳಗಿನ ಸೂಟ್‌ಕೇಸು ಕಾಣುತ್ತಿತ್ತು. ತನುಜಾ ಅದನ್ನೇ ನೋಡಿದಳು. ಹೋದರೆ ಹೋಗಲಿ, ಅವನೀಗ ನನಗೇನಾಗಬೇಕು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆ ಯೋಚನೆಗೆ ಅವಳಿಗೇ ಹೇಸಿಗೆಯಾಯಿತು. ವಿಚ್ಛೇದನಕ್ಕೆ ಸಹಿ ಹಾಕಿದ ಬೆಳಿಗ್ಗೆಯೂ ಅವಳಿಗಿಂತ ಮೊದಲೆದ್ದು ಅವಳ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದವನು ಅವನು. ಕಾಯೊಳಗಿನ ಉಸಿರು ನಿಧಾನವಾಯಿತು. ಒಂದು. ಬಹಳ ಹೊತ್ತಿಗೆ ಇನ್ನೊಂದು. ಮತ್ತೆ ಇಲ್ಲ.

ಜುಟ್ಟು ಕಿತ್ತು ಕಾಯಿಯ ಮೆತ್ತನೆಯ ಕಣ್ಣಿಗೆ ಚಾಕು ಚುಚ್ಚಿದಳು. ಬಾಯಿಗೆ ಹಚ್ಚಿದಳು. ಕೊಳೆತ ನೀರು. ಬೆಚ್ಚಗಿತ್ತು. ಅದರಲ್ಲಿ ಕೂದಲಿತ್ತು. ಕುಂಕುಮದ ಕೆಸರಿತ್ತು. ನುಂಗಿದಳು. ಮತ್ತೆ ನುಂಗಿದಳು. ಕೊನೆಯ ತೊಟ್ಟಿನ ಜೊತೆ ಯಾವುದೋ ಗಟ್ಟಿ ಉಂಡೆ ಗಂಟಲಿಗೆ ಸಿಕ್ಕಿಕೊಂಡು, ತಾನಾಗಿಯೇ ಕೆಳಗಿಳಿಯಿತು.

ಫೋನು ಹೊಡೆದುಕೊಂಡಿತು. "ಮೇಡಂ, ಎದ್ದು ಕೂತ್ರು ಮೇಡಂ! ಕಾಫಿ ಕೇಳ್ತಾವ್ರೆ!"

ಮರುದಿನ ಬೆಳಿಗ್ಗೆ ಓಂಕಾರೇಶ ಪತ್ರ ಹಿಡಿದು ಗೇಟಿಗೆ ಬಂದ. ಏನೂ ಆಗದವನಂತೆ ಗೆಲುವಾಗಿದ್ದ. "ತಗೋ, ಮನೆ ಪೂರ್ತಿ ನಿಂದೇ ಆಯ್ತು. ಬಾ, ಬಸ್ ಹತ್ತಿಸ್ತೀನಿ. ಸೂಟ್‌ಕೇಸ್ ಎಲ್ಲಿ?"

ತನುಜಾ ಒಂದು ಕಾಲು ಹೊಸ್ತಿಲಾಚೆ ಇಟ್ಟಳು. ಎದೆಯಿಂದ ನೀರು ಉಕ್ಕಿ ಬಾಯಿ ತುಂಬಿತು. ಕಣ್ಣು ಕತ್ತಲಿಟ್ಟಿತು. ಕಾಲು ಹಿಂದಕ್ಕೆಳೆದುಕೊಂಡು ಬಾಯಲ್ಲಿದ್ದುದನ್ನು ಹಾಗೇ ನುಂಗಿದಳು. ನಿಜ ಹೇಳಿದರೆ ಅವನು ಇಲ್ಲೇ ಉಳಿದುಬಿಡುತ್ತಾನೆ, ಅತ್ತೆಗೆ ಬೇಕಾಗಿದ್ದೂ ಅದೇ ಎಂದು ಅವಳಿಗೆ ಗೊತ್ತಿತ್ತು. ಬಾಗಿಲೊಳಗಿಂದಲೇ ಕೈ ಚಾಚಿ ಪತ್ರ ತೆಗೆದುಕೊಂಡಳು.

"ನೀವು ಹೊರಡಿ ರೀ. ನಾನು ಇನ್ನೊಂದೆರಡು ದಿನ ಬಿಟ್ಟು ಹೋಗ್ತೀನಿ."

"ರೀ ಅಂತೆ ರೀ" ಎಂದು ನಗುತ್ತ ಅವನು ಬೈಕು ತಿರುಗಿಸಿದ. ತರೀಕೆರೆಯ ದಾರಿ ಹಿಡಿದ ಬೈಕಿನ ಸದ್ದು ಅಡಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಆ ಇನ್ನೊಂದು ಸದ್ದು ಕೇಳಿಸಿತು.

ಲೊಟ್. ಲೊಟ್.

ಅಭ್ಯಾಸಬಲದಿಂದ ತಲೆಯೆತ್ತಿ ಅಟ್ಟ ನೋಡಿದಳು. ಅಲ್ಲಿ ಏನೂ ಉಳಿದಿರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡಳು. ಸದ್ದು ಅಲ್ಲಿಂದ ಬರುತ್ತಿತ್ತು.